ಪೋರ್ಟಬಲ್ ಹಿಂದಿನ ಹತ್ತೊಂಬತ್ತು ನಿಮಿಷ

ಚಳಿಗಾಲ ಬಂತೆಂದರೆ ರುದ್ರವ್ವ ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ಕಿಟಕಿಯ ಪರದೆ ಸರಿಸಿ ಎದುರುಮನೆಯ ಬಾವುಟ ನೋಡುತ್ತಿದ್ದಳು. ಎಷ್ಟು ಚಳಿಯಿದೆ ಎಂದು ಫೋನು ಹೇಳುತ್ತಿತ್ತು. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದಕ್ಕೆ ಅವಳು ಬಾವುಟವನ್ನೇ ನಂಬುತ್ತಿದ್ದಳು. ಅವಳು ಕೆಲಸ ಮಾಡುವ ಶಾಲೆ ಸ್ಟೌಫ್‌ವಿಲ್ ಎಂಬ ಊರಿನ ಹೊಸ ಬಡಾವಣೆಯ ತುದಿಯಲ್ಲಿತ್ತು. ಅದರ ಆಚೆ ಇನ್ನೂ ಮನೆಗಳೇಳದ ಮೆಕ್ಕೆಜೋಳದ ಹೊಲ. ಗಾಳಿ ವಾಯವ್ಯದಿಂದ ಬಂದರೆ ಆ ಬಟ್ಟಬಯಲು ದಾಟಿ ನೇರ ಶಾಲೆಯ ಹಿಂದಿನ ಅಂಗಳಕ್ಕೇ ನುಗ್ಗುತ್ತಿತ್ತು.

ಆ ಜನವರಿಯ ಗುರುವಾರವೂ ಹಾಗೆಯೇ ಕಿಟಕಿಯ ಹತ್ತಿರ ನಿಂತಿದ್ದಳು. ಗಂಡ ದಾನಪ್ಪ ಬೂಟು ಹಾಕಿಕೊಳ್ಳುತ್ತಿದ್ದ. ಅವನಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟು.

"ಎಷ್ಟೈತಿ ಇವತ್ತ?" ಎಂದು ಕೇಳಿದ.

"ಮೈನಸ್ ಹದಿನಾಲ್ಕು. ಗಾಳಿ ಕೂಡಿಸಿದ್ರ ಇಪ್ಪತ್ನಾಲ್ಕು."

"ಹಂಗಾದ್ರೂ ಹುಡುಗ್ರನ್ನ ಹೊರಗ ಬಿಡ್ತಾರ?"

"ಇಪ್ಪತ್ತೆಂಟ ಆಗೂಮಟಾ ಬಿಡ್ತಾರ. ಹತ್ತ ನಿಮಿಷ ಅಷ್ಟ."

"ಮತ್ಯಾಕ ಒದ್ದಾಡ್ತಿ? ಲೆಕ್ಕಾ ಹಾಕಾವ್ರು ಹಾಕ್ಯಾರಲ್ಲ."

"ನಡಬರಕ ಗಾಳಿ ತಿರಗಿದ್ರ ಏನ್ರೀ ಮಾಡೂದು?"

ದಾನಪ್ಪ ಬೂಟಿನ ದಾರ ಬಿಗಿದ. ಹದಿನಾಲ್ಕು ವರ್ಷದಿಂದ ಹೆಂಡತಿಯ ಈ ಚಡಪಡಿಕೆಯನ್ನು ನೋಡಿ ನೋಡಿ ಅವನಿಗೆ ಅಭ್ಯಾಸವಾಗಿತ್ತು. ಅದು ಹೇಗೆ ಶುರುವಾಯಿತು ಎಂಬುದೂ ಅವನಿಗೆ ಗೊತ್ತಿತ್ತು.

ಅವರು ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಸ್ಕಾರ್ಬರೋದಲ್ಲಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದರು. ಮಗಳು ಅಕ್ಷರಾಗೆ ಏಳು ವರ್ಷ. ಶಾಲೆಯಿಂದ ಒಂದು ಚೀಟಿ ಬಂದಿತ್ತು. ಮಕ್ಕಳಿಗೆ ಬೆರಳು ಬೇರೆಬೇರೆಯಾಗಿರುವ ಗ್ಲೌಸು ಬೇಡ, ಬೆರಳೆಲ್ಲ ಒಟ್ಟಿಗಿರುವ, ನೀರು ಹಿಡಿಯದ ಮಿಟನ್ನು ಹಾಕಿ, ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಚೀಲದಲ್ಲಿಡಿ ಎಂದು ಅದರಲ್ಲಿ ಬರೆದಿತ್ತು. ರುದ್ರವ್ವ ಆ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು, ಓದಲಿಲ್ಲ. ಆಗ ಅವಳಿಗೆ ಇಂಗ್ಲಿಷ್ ಓದುವುದೆಂದರೆ ತಲೆನೋವು. ಊರಿನಿಂದ ತಂದ ಉಲನ್ ಕೈಗವಸನ್ನೇ ಮಗಳಿಗೆ ಹಾಕಿ ಕಳಿಸಿದಳು. ಅಕ್ಷರಾ ಹಿಮದಲ್ಲಿ ಆಡಿದಳು, ಉಲನ್ ನೆನೆಯಿತು, ಹೆಪ್ಪುಗಟ್ಟಿತು. ಮಧ್ಯಾಹ್ನ ಶಾಲೆಯಿಂದ ಫೋನು ಬಂದು ರುದ್ರವ್ವ ಓಡಿ ಹೋದಾಗ ಮಗುವಿನ ಎಡಗೈಯ ಎರಡು ಬೆರಳು ಮೇಣದಬತ್ತಿಯಂತೆ ಬೆಳ್ಳಗಾಗಿದ್ದವು. ನೋವಾಗುತ್ತದೆಯೇ ಎಂದು ಕೇಳಿದರೆ ಮಗು ಇಲ್ಲ ಎಂದಿತು. ಆ ಇಲ್ಲವೇ ಕೆಟ್ಟದ್ದು, ಬೆರಳು ಸ್ಪರ್ಶವನ್ನೇ ಕಳೆದುಕೊಂಡಿವೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು.

ಬೆರಳು ಉಳಿದವು. ಈಗ ಅಕ್ಷರಾಗೆ ಇಪ್ಪತ್ತೊಂದು. ಯೂನಿಯನ್ ಸ್ಟೇಷನ್ನಿಗೆ ಹೋಗುವ ಬೆಳಗಿನ ರೈಲು ಹಿಡಿದು ಯೂನಿವರ್ಸಿಟಿಗೆ ಹೋಗಿಬರುತ್ತಾಳೆ. ಇವತ್ತಿಗೂ ಚಳಿಗೆ ಆ ಎರಡು ಬೆರಳು ಸೆಳೆಯುತ್ತವೆ. ಅವಳು ಅದನ್ನು ಹೇಳುವುದಿಲ್ಲ; ಪ್ಲಾಟ್‌ಫಾರ್ಮಿನ ಮೇಲೆ ನಿಂತು ಎಡಗೈಯನ್ನು ಜೇಬಿಗೆ ಸೇರಿಸಿದ ರೀತಿಯಲ್ಲೇ ತಾಯಿಗೆ ಗೊತ್ತಾಗುತ್ತದೆ.

ಆ ಚಳಿಗಾಲದ ನಂತರ ರುದ್ರವ್ವ ಶಾಲೆಯಿಂದ ಬಂದ ಒಂದೊಂದು ಚೀಟಿಯನ್ನೂ ಕೂತು ಓದಿದಳು. ತಿಳಿಯದ ಶಬ್ದವನ್ನು ಮಗಳಿಂದಲೇ ಕೇಳಿ ಕಲಿತಳು. ಸ್ಟೌಫ್‌ವಿಲ್ಲಿನಲ್ಲಿ ಮನೆ ಮಾಡಿದ ಮೇಲೆ ಹತ್ತಿರದ ಶಾಲೆಯಲ್ಲಿ ಊಟದ ಹೊತ್ತಿನ ಸೂಪರ್‌ವೈಸರ್ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದಳು. ದಿನಕ್ಕೆ ಎರಡು ತಾಸಿನ ಕೆಲಸ. ಮಕ್ಕಳು ಅಂಗಳದಲ್ಲಿ ಆಡುವಾಗ ಕೋಟಿನ ಮೇಲೆ ಕಿತ್ತಳೆ ಬಣ್ಣದ ಜಾಕೀಟು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ಕಾಯಬೇಕು; ಅವರು ಒಳಗೆ ಬಂದು ಊಟ ಮಾಡುವಾಗ ಒಂದು ತರಗತಿಯಲ್ಲಿ ಜೊತೆಗಿರಬೇಕು. ಎಂಟು ವರ್ಷದಲ್ಲಿ ಅವಳು ಆ ಕೆಲಸಕ್ಕೆ ಒಂದು ದಿನವೂ ತಡವಾಗಿ ಹೋದವಳಲ್ಲ.

ಆ ಗುರುವಾರ ಐದನೇ ತರಗತಿಯ ಟೀಚರ್ ರಜೆ ಹಾಕಿದ್ದರಿಂದ ಬದಲಿಗೆ ಒಬ್ಬರು ಬಂದಿದ್ದರು. ಮಿಸ್ಟರ್ ಲಾಸನ್ ಎಂದು ಹೆಸರು. ಅರವತ್ತೆಂಟು ವಯಸ್ಸು, ನಿವೃತ್ತರು, ಎತ್ತರದ ಆಳು. ಮನೆಯಲ್ಲಿ ಕೂತು ಬೇಸರವಾಗಿ ಇಂಥ ಒಂದೊಂದು ದಿನದ ಕೆಲಸ ಒಪ್ಪಿಕೊಳ್ಳುತ್ತಾರೆಂದು ಆಫೀಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಶಾಲೆಗೆ ಅವರು ಬಂದದ್ದು ಅದೇ ಮೊದಲು.

ಹನ್ನೆರಡೂ ಹತ್ತರ ಹೊತ್ತಿಗೆ ಹಿಂಬಾಗಿಲ ಹತ್ತಿರ ಜಾಕೀಟು ಹಾಕಿಕೊಳ್ಳುವಾಗ ರುದ್ರವ್ವ ಅವರ ಕಾಲು ನೋಡಿದಳು. ಆಫೀಸಿಗೆ ಹಾಕುವಂಥ ಕರಿ ಬೂಟು, ಅದರ ಮೇಲೆ ತೆಳ್ಳಗಿನ ರಬ್ಬರ್ ಹೊದಿಕೆ. ಮಂಜುಗಡ್ಡೆಯ ಮೇಲೆ ಅದು ಎಳ್ಳಷ್ಟೂ ಹಿಡಿಯುವುದಿಲ್ಲ. ಹೇಳಬೇಕೆನಿಸಿತು. ಆದರೆ ಅವರು ವಯಸ್ಸಿನಲ್ಲಿ ಹಿರಿಯರು, ಮೇಷ್ಟ್ರು, ಇದೇ ದೇಶದಲ್ಲಿ ಹುಟ್ಟಿ ಬೆಳೆದವರು. ಚಳಿಯ ವಿಷಯ ಅವರಿಗೆ ತಾನು ಹೇಳುವುದೇ ಎಂದು ಸುಮ್ಮನಾದಳು. ಅದರ ಬದಲು ಇನ್ನೊಂದು ಮಾತು ಹೇಳಿದಳು.

"ಸರ್, ಬೆಲ್ ಆದ ಮೇಲೆ ಪೋರ್ಟಬಲ್ ಹಿಂದೆ ಒಮ್ಮೆ ನೋಡಿ. ಮಕ್ಕಳು ಅಲ್ಲಿ ಅಡಗಿ ಕೂತಿರುತ್ತಾರೆ." ತನಗೆ ಬರುವ ಇಂಗ್ಲಿಷಿನಲ್ಲಿ, ಕೈಸನ್ನೆ ಮಾಡಿ ಹೇಳಿದಳು.

ಶಾಲೆಯ ಕಟ್ಟಡದಲ್ಲಿ ಜಾಗ ಸಾಲದೆ ಅಂಗಳದ ಹಿಂದೆ ಮೂರು ಡಬ್ಬಿಯಂಥ ಕೋಣೆಗಳನ್ನು ತಂದಿಟ್ಟಿದ್ದರು. ಅವೇ ಪೋರ್ಟಬಲ್. ಅವುಗಳಿಗೂ ತಂತಿಬೇಲಿಗೂ ನಡುವೆ ಒಬ್ಬರು ನಡೆಯುವಷ್ಟು ಸಂದಿ. ಅಲ್ಲಿ ಏನಾದರೂ ಅಂಗಳದಲ್ಲಿದ್ದವರಿಗೆ ಕಾಣುವುದಿಲ್ಲ.

"ಖಂಡಿತ ನೋಡುತ್ತೇನೆ," ಎಂದರು ಲಾಸನ್.

ಮಕ್ಕಳು ಹೊರಗೆ ಬಂದರು. ದಪ್ಪ ಪ್ಯಾಂಟುಗಳ ಸರಸರ ಸಪ್ಪಳ, ಕಿರುಚಾಟ, ಹಿಮದ ಗುಡ್ಡೆಯ ಮೇಲಿಂದ ಜಾರುವ ಸಾಲು. ರುದ್ರವ್ವ ಒಂದು ಕಡೆ ನಿಲ್ಲಲಿಲ್ಲ. ಒಬ್ಬನ ಟೊಪ್ಪಿಗೆ ಕಿವಿಯ ಮೇಲೆ ಎಳೆದಳು. ಒಬ್ಬಳ ಕೊರಳಪಟ್ಟಿ ಉಸಿರಿಗೆ ಒದ್ದೆಯಾಗಿ ಗಟ್ಟಿಯಾಗಿತ್ತು, ಅದನ್ನು ಹಿಂದುಮುಂದು ತಿರುಗಿಸಿ ಹಾಕಿದಳು. ಇನ್ನೊಬ್ಬಳ ಮೂಗಿನ ತುದಿಯಲ್ಲಿ ಕಡಲೆಯಷ್ಟು ಬಿಳಿ ಕಂಡು ಅವಳನ್ನು ಆಗಲೇ ಒಳಗೆ ಕಳಿಸಿದಳು.

ಆರೇಳು ನಿಮಿಷವಾಗಿರಬೇಕು. ಬೇಲಿಯ ಕಡೆಯಿಂದ ಹಿಮದ ಪುಡಿ ನೆಲದ ಮೇಲೆ ಹರಿದುಬಂದಿತು. ಗಾಳಿ ತಿರುಗಿತ್ತು. ಕೆನ್ನೆಗೆ ಸೂಜಿ ಚುಚ್ಚಿದಂತಾಯಿತು. ಇದು ಇಪ್ಪತ್ನಾಲ್ಕಲ್ಲ, ಮೂವತ್ತಕ್ಕೆ ಹೋಗಿದೆ ಎಂದು ಅವಳ ಮೈ ಹೇಳಿತು. ಆದರೆ ಅಂಗಳದಿಂದ ಆಫೀಸಿಗೆ ಹೇಳುವುದು ಹೇಗೆ? ಸೂಪರ್‌ವೈಸರ್‌ಗಳು ಫೋನು ಇಟ್ಟುಕೊಳ್ಳುವಂತಿರಲಿಲ್ಲ. ಅದು ಸ್ಟಾಫ್ ರೂಮಿನಲ್ಲಿ ಚೀಲದಲ್ಲಿತ್ತು. ತಾನೇ ಸೀಟಿ ಊದಿ ಎಲ್ಲರನ್ನೂ ಒಳಗೆ ಕರೆಯಲೇ ಎಂದುಕೊಳ್ಳುವಷ್ಟರಲ್ಲಿ ಬೆಲ್ ಆಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು.

ಮಕ್ಕಳು ಎಂದಿಗಿಂತ ಬೇಗ ಸಾಲು ನಿಂತರು. ರುದ್ರವ್ವ ತನ್ನ ಎರಡನೇ ತರಗತಿಯವರನ್ನು ಎಣಿಸಿದಳು. ಇಪ್ಪತ್ತೊಂದು, ಮುಂಚೆ ಕಳಿಸಿದವಳೂ ಸೇರಿ ಇಪ್ಪತ್ತೆರಡು. ಎಲ್ಲರೂ ನುಗ್ಗಿ ಒಳಗೆ ಬಂದರು. ಹಿಂಬಾಗಿಲು ತನ್ನಷ್ಟಕ್ಕೆ ಮುಚ್ಚಿ ಲಾಕ್ ಆಯಿತು. ಅವಳು ಜಾಕೀಟನ್ನು ಗೂಟಕ್ಕೆ ಹಾಕಿ ತರಗತಿಗೆ ನಡೆದಳು.

ಊಟದ ಹೊತ್ತು ಬಿಡುವಿಲ್ಲದ ಕೆಲಸ. ಥರ್ಮಾಸಿನ ಮುಚ್ಚಳ ತೆಗೆಯಬೇಕು, ಸಿಕ್ಕಿಕೊಂಡ ಜಿಪ್ಪು ಬಿಡಿಸಬೇಕು, ಒದ್ದೆ ಮಿಟನ್ನುಗಳನ್ನು ಹೀಟರಿನ ಮೇಲೆ ಹರವಬೇಕು. ಎಲ್ಲ ಮಾಡಿದಳು. ಆದರೂ ಜೀವಕ್ಕೆ ಸಮಾಧಾನವಿರಲಿಲ್ಲ. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತೆರಡು. ಬಾಗಿಲ ತನಕ ಹೋಗಿ ಬಂದು ಇನ್ನೊಮ್ಮೆ ಎಣಿಸಿದಳು. ಲೆಕ್ಕ ಸರಿಯಿತ್ತು. ಏನೋ ಒಲೆಯ ಮೇಲಿಟ್ಟು ಮರೆತು ಬಂದವಳಂತೆ ಮೇಜುಗಳ ನಡುವೆ ಓಡಾಡಿದಳು.

"ನೀವು ಯಾಕೆ ಕೂತುಕೊಳ್ಳುತ್ತಿಲ್ಲ?" ಎಂದು ಒಬ್ಬಳು ಹುಡುಗಿ ಕೇಳಿದಳು.

ಆಗ ಅವಳಿಗೆ ಹಿಂಬಾಗಿಲ ಪಕ್ಕದ ಗೂಟಗಳು ಕಣ್ಣಮುಂದೆ ಬಂದವು. ಐದು ಗೂಟ, ಐದು ಜಾಕೀಟು. ತಾನು ತನ್ನದನ್ನು ಹಾಕುವಾಗ ಕೊನೆಯ ಗೂಟ ಖಾಲಿಯಿತ್ತು. ಲಾಸನ್ ಸರ್ ಅವರದು.

ಮರೆತು ಹಾಗೇ ಹಾಕಿಕೊಂಡು ಹೋಗಿರಬಹುದು, ಬದಲಿ ಬಂದವರು ಹಾಗೆ ಮಾಡುವುದುಂಟು. ಆದರೆ ಅವರು ಒಳಗೆ ಬಂದದ್ದನ್ನು ತಾನು ನೋಡಿದೆನೇ? ನೆನಪಾಗಲಿಲ್ಲ. ಗೋಡೆಯ ಫೋನೆತ್ತಿ ಆಫೀಸಿಗೆ ಮಾಡಿದಳು.

"ಲಾಸನ್ ಸರ್ ಅಲ್ಲಿದ್ದಾರಾ?"

"ಅವರಿಗೆ ಊಟ ಆದ ಮೇಲಿನ ಪೀರಿಯಡ್ಡೂ ಬಿಡುವು. ಸ್ಟಾಫ್ ರೂಮಿನಲ್ಲಿರಬೇಕು," ಎಂದಳು ಸೆಕ್ರೆಟರಿ.

"ನೀವು ನೋಡಿದಿರಾ?"

"ಇನ್ನೊಂದು ಫೋನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ. ಆಮೇಲೆ ನೋಡಿ ಹೇಳುತ್ತೇನೆ."

ರುದ್ರವ್ವ ಫೋನಿಟ್ಟಳು. ಯಾವ ತರಗತಿಯೂ ಅವರಿಗಾಗಿ ಕಾಯುತ್ತಿಲ್ಲ. ಮಧ್ಯಾಹ್ನ ಒಂದೂ ನಲವತ್ತರವರೆಗೆ ಅವರನ್ನು ಕೇಳುವವರು ಯಾರೂ ಇಲ್ಲ. ಗಡಿಯಾರದಲ್ಲಿ ಹನ್ನೆರಡೂ ಮೂವತ್ತಾರು.

ಕೋಣೆ ಬಿಟ್ಟು ಹೋಗುವಂತಿಲ್ಲ. ಅದು ಮೊದಲ ನಿಯಮ. ಪಕ್ಕದ ಕೋಣೆಯ ಬಾಗಿಲು ತೆರೆದು ಅಲ್ಲಿನ ಸೂಪರ್‌ವೈಸರಿಗೆ, "ನನ್ನ ಮಕ್ಕಳನ್ನ ಐದು ನಿಮಿಷ ನೋಡಿಕೊಳ್ಳಿ," ಎಂದಳು. ಆಕೆ, "ಇಲ್ಲಿ ಇಪ್ಪತ್ತಾರು ಜನ ಇದ್ದಾರೆ, ನಾನು ಹೇಗೆ—" ಎನ್ನುತ್ತಿದ್ದಳು. ರುದ್ರವ್ವ ಆ ಮಾತು ಮುಗಿಯಲು ಕಾಯಲಿಲ್ಲ.

ಹಿಂಬಾಗಿಲಿಗೆ ಬಂದಾಗ ಕೊನೆಯ ಗೂಟ ಖಾಲಿಯೇ ಇತ್ತು. ಹಾಗೇ ಓಡಬೇಕೆಂದು ಕಾಲು ಹೇಳಿತು. ಆದರೆ ಅವಳು ಓಡಲಿಲ್ಲ. ಕೋಟು, ಬೂಟು, ಟೊಪ್ಪಿಗೆ, ಮಿಟನ್ನು ಎಲ್ಲವನ್ನೂ ಹಾಕಿಕೊಂಡಳು. ಜಿಪ್ಪನ್ನು ಗದ್ದದವರೆಗೆ ಎಳೆದಳು. ಬಾಗಿಲ ಪಕ್ಕದಲ್ಲಿ ಮಕ್ಕಳು ಬಿಟ್ಟುಹೋದ ಬಟ್ಟೆಬರೆ ಹಾಕುವ ದೊಡ್ಡ ಪೆಟ್ಟಿಗೆಯಿತ್ತು. ಅದರಿಂದ ತೋಳ್ತುಂಬ ಏನು ಬಂತೋ ಅದನ್ನು ಬಾಚಿಕೊಂಡಳು. ಬಾಗಿಲು ಲಾಕ್ ಆಗದಂತೆ ಪೆಟ್ಟಿಗೆಯ ಒಂದು ಬೂಟನ್ನು ಸಂದಿಗೆ ಸಿಕ್ಕಿಸಿ ಹೊರಗೆ ನಡೆದಳು.

ಅಂಗಳ ಖಾಲಿ. ಮಕ್ಕಳ ಹೆಜ್ಜೆ ಗುರುತುಗಳ ಮೇಲೆ ಆಗಲೇ ಹಿಮದ ಪುಡಿ ಕೂರತೊಡಗಿತ್ತು. ಮೊದಲ ಪೋರ್ಟಬಲ್ಲಿನ ಹಿಂದೆ ಯಾರೂ ಇರಲಿಲ್ಲ. ಎರಡನೆಯದರ ಹಿಂದೆಯೂ ಇರಲಿಲ್ಲ. ಮೂರನೆಯದರ ಮೂಲೆ ತಿರುಗಿದಾಗ ಕಿತ್ತಳೆ ಬಣ್ಣ ಕಂಡಿತು.

ಸೂರಿನ ನೀರಿನ ಕೊಳವೆ ಇಳಿಯುವ ಜಾಗ ಅದು. ಬಿಸಿಲಿಗೆ ಕರಗಿದ ನೀರು ಅಲ್ಲಿ ಸುರಿದು ಮತ್ತೆ ಗಟ್ಟಿಯಾಗಿ ಗಾಜಿನಂತೆ ಹರಡಿತ್ತು. ಲಾಸನ್ ಒಂದು ಮಗ್ಗುಲಿಗೆ ಬಿದ್ದಿದ್ದರು. ಎಡಗಾಲು ತಿರುಗಬಾರದ ಕಡೆ ತಿರುಗಿತ್ತು. ಟೊಪ್ಪಿಗೆ ಹಾರಿ ಬೇಲಿಗೆ ಸಿಕ್ಕಿತ್ತು. ತುಟಿ ನೀಲಿಯಾಗಿದ್ದವು. ಕಣ್ಣು ತೆರೆದಿದ್ದರು.

"ಮಕ್ಕಳೆಲ್ಲ ಒಳಗೆ ಹೋದರೇ?" ಎಂದರು. ಕುಡಿದವರಂತೆ ನಾಲಿಗೆ ತೊದಲುತ್ತಿತ್ತು.

"ಎಲ್ಲರೂ ಒಳಗೆ, ಸರ್. ಎಲ್ಲರೂ ಹೋದರು."

ಅವಳು ಸೀಟಿ ಬಾಯಿಗಿಟ್ಟು ಊದಿದಳು. ಉದ್ದಕ್ಕೆ ಮೂರು ಸಲ, ನಿಲ್ಲಿಸಿ ಮತ್ತೆ ಮೂರು ಸಲ. ನಡುನಡುವೆ ಕೈಗೆ ಸಿಕ್ಕದ್ದನ್ನು ಹೊದಿಸಿದಳು. ಸೊಂಟ ಅಲುಗಿಸಬಾರದೆಂದು ಗೊತ್ತಿತ್ತು. ಭುಜದ ಕೆಳಗೆ, ತಲೆಯ ಕೆಳಗೆ ಮಕ್ಕಳ ಪುಟ್ಟ ಪ್ಯಾಂಟುಗಳನ್ನು ಮಡಚಿ ತೂರಿಸಿದಳು. ಚಳಿ ಗಾಳಿಗಿಂತ ನೆಲದಿಂದ ಬೇಗ ಏರುತ್ತದೆ. ತಲೆಗೆ ನೇರಳೆ ಬಣ್ಣದ ಒಂದು ಸ್ಕಾರ್ಫು ಸುತ್ತಿದಳು. ಪೆಟ್ಟಿಗೆಯಲ್ಲಿದ್ದ ಮಿಟನ್ನುಗಳು ಯಾವುವೂ ಅವರ ಕೈಗೆ ಆಗಲಿಲ್ಲ. ತನ್ನವನ್ನೇ ಬಿಚ್ಚಿ ತೊಡಿಸಿದಳು. ತೊಡಿಸುವಾಗ ಅವರ ಬಲಗೈಯ ಬೆರಳು ಕಂಡವು. ಆ ಬಿಳುಪು ಅವಳಿಗೆ ಪರಿಚಯದ್ದು.

"ನಿದ್ದೆ ಬರುತ್ತಿದೆ," ಎಂದರು ಅವರು.

"ಮಲಗಬೇಡಿ. ನಿಮ್ಮ ಮನೆ ಎಲ್ಲಿ? ಹೇಳಿ. ಮನೆಯಲ್ಲಿ ಯಾರಿದ್ದಾರೆ?"

ಅವರು ಏನೋ ಹೇಳುತ್ತಿದ್ದರು, ಅರ್ಧ ತಿಳಿಯಲಿಲ್ಲ. ಅವಳು ಕೇಳುತ್ತಲೇ ಇದ್ದಳು. ಇಂಗ್ಲಿಷ್ ತೀರಿದಾಗ ಕನ್ನಡದಲ್ಲೇ ಮಾತಾಡಿದಳು. "ಕಣ್ ಮುಚ್ಚಬ್ಯಾಡ್ರಿ ಸರ, ಬರಾಕತ್ತಾರ, ಈಗ ಬರ್ತಾರ, ನನ್ನ ಕಡೆ ನೋಡ್ರಿ." ಮತ್ತೆ ಸೀಟಿ ಊದಿದಳು. ಕೊನೆಗೆ ಶಾಲೆಯ ಕೇರ್‌ಟೇಕರ್ ಡೆಸ್ಮಂಡ್ ಹಿಮ ಎತ್ತುವ ಸಲಿಕೆ ಹಿಡಿದುಕೊಂಡೇ ಮೂಲೆ ತಿರುಗಿ ಬಂದ. ನೋಡಿದವನೇ ಫೋನು ತೆಗೆದ.

ಆಂಬುಲೆನ್ಸಿನವರು, ಎಷ್ಟು ಹೊತ್ತಾಯಿತು ಬಿದ್ದು ಎಂದು ಕೇಳಿದರು. ಬೆಲ್ ಆದದ್ದು ಹನ್ನೆರಡೂ ಇಪ್ಪತ್ತಕ್ಕೆ, ಅವಳು ಕಂಡದ್ದು ಮೂವತ್ತೊಂಬತ್ತಕ್ಕೆ. ಹತ್ತೊಂಬತ್ತು ನಿಮಿಷ ಎಂದಳು. ಹೇಳುವಾಗಲೇ ಅವಳಿಗೆ ಇನ್ನೊಂದು ಲೆಕ್ಕ ಹೊಳೆಯಿತು. ಪೋರ್ಟಬಲ್ ಹಿಂದೆ ಹೋಗಿ ನೋಡಿ ಎಂದು ಅವರಿಗೆ ಹೇಳಿದವಳು ತಾನು. ಆ ಕೊಳವೆಯ ಕೆಳಗೆ ಪ್ರತಿ ಜನವರಿಯಲ್ಲೂ ಮಂಜುಗಡ್ಡೆ ಕಟ್ಟುತ್ತದೆಂದು ಗೊತ್ತಿದ್ದೂ ಹೇಳದವಳು ತಾನು. ಬೂಟು ನೋಡಿ ಸುಮ್ಮನಿದ್ದವಳೂ ತಾನೇ.

ಅವಳು ತರಗತಿಗೆ ಮರಳಿದಾಗ ಅಲ್ಲಿಂದ ಹೊರಟು ಇಪ್ಪತ್ತು ನಿಮಿಷ ಕಳೆದಿತ್ತು. ಪ್ರಿನ್ಸಿಪಾಲ್ ಮಿಸ್ ಪೆಟ್ರಾಕಿಸ್ ಅಲ್ಲಿ ನಿಂತಿದ್ದರು. ಒಬ್ಬಳು ಹುಡುಗಿ ಅಳುತ್ತಿದ್ದಳು. ಮುಚ್ಚಳ ತಾನೇ ತೆಗೆಯಲು ಹೋಗಿ ಬಿಸಿ ಸೂಪು ಮಣಿಕಟ್ಟಿನ ಮೇಲೆ ಚೆಲ್ಲಿಕೊಂಡಿದ್ದಳು. ಗುಳ್ಳೆ ಎದ್ದಿರಲಿಲ್ಲ, ಕೆಂಪಾಗಿತ್ತು. ಯಾಕೆ ಕೂತುಕೊಳ್ಳುತ್ತಿಲ್ಲ ಎಂದು ಕೇಳಿದ ಹುಡುಗಿಯೇ ಅವಳು.

ಮರುವಾರ ರುದ್ರವ್ವನಿಗೆ ಒಂದು ಪತ್ರ ಬಂತು. ಸಮಯಪ್ರಜ್ಞೆಗೆ ಕೃತಜ್ಞತೆ ಎಂದು ಮೊದಲ ಎರಡು ಸಾಲು. ಆಮೇಲೆ, ಮಕ್ಕಳನ್ನು ಮೇಲ್ವಿಚಾರಣೆ ಇಲ್ಲದೆ ಬಿಟ್ಟುಹೋದದ್ದು ಗಂಭೀರ ಲೋಪ, ಮುಂದೆ ಹೀಗಾಗಬಾರದು, ಕೆಳಗೆ ಸಹಿ ಮಾಡಿ ಎಂದು ಒಂದು ಪುಟ. ಸೂಪು ಚೆಲ್ಲಿಕೊಂಡ ಹುಡುಗಿಯ ತಾಯಿ ದೂರು ಕೊಟ್ಟಿದ್ದಳು.

ಅಕ್ಷರಾ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. "ಮಾಮ್, ದಿಸ್ ಈಸ್ ಸೋ ಅನ್‌ಫೇರ್. ಯು ಸೇವ್ಡ್ ಹಿಮ್. ಡೋಂಟ್ ಸೈನ್ ಇಟ್. ನಾನು ಲೆಟರ್ ಬರೀತೀನಿ."

"ಸಹಿ ಮಾಡಿ ಬಿಟ್ಟಬಿಡು," ಎಂದ ದಾನಪ್ಪ. "ಎಲ್ಲಾ ಕಡೆನೂ ಇವ್ರು ಕಾಗದ ಕೊಡಾವ್ರ. ಅದನ್ನ ಮನಸಿಗಿ ಹಚಗೋಬ್ಯಾಡ."

"ಆ ಹುಡುಗಿ ಕೈ ಸುಟ್ಟದ್ದ ಖರೇ ಐತಿ," ಎಂದಳು ರುದ್ರವ್ವ. "ಅಕಿ ನನ್ನ ವರ್ಗದಾಕಿ. ನಾ ಇದ್ದಿದ್ರ ಸುಡತಿದ್ದಿಲ್ಲ."

"ಹಂಗಾದ್ರ ಸಹಿ ಮಾಡು."

"ಮಾಡ್ತೀನಿ. ಆದ್ರ ಒಂದ ಕೇಳಬೇಕೈತಿ."

ಸಹಿ ಮಾಡದೆ ನಾಲ್ಕು ದಿನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದಳು. ಅಂಗಳದಲ್ಲಿ ನಿಂತರೆ ಕಣ್ಣು ಮೂರನೇ ಪೋರ್ಟಬಲ್ಲಿನ ಮೂಲೆಗೇ ಹೋಗುತ್ತಿತ್ತು. ಮಕ್ಕಳನ್ನು ಎಣಿಸುವಾಗ ನಡುವೆ ಲೆಕ್ಕ ತಪ್ಪುತ್ತಿತ್ತು. ಅದು ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಶನಿವಾರ ಬೆಳಿಗ್ಗೆ ದಾನಪ್ಪನಿಗೆ, "ನನ್ನ ಆಸ್ಪತ್ರಿಗಿ ಕರಕೊಂಡ ನಡೀರಿ," ಎಂದಳು. ಲಾಸನ್ ಯಾವ ಆಸ್ಪತ್ರೆಯಲ್ಲಿದ್ದಾರೆಂದು ಡೆಸ್ಮಂಡನಿಂದ ಕೇಳಿ ತಿಳಿದುಕೊಂಡಿದ್ದಳು.

ಲಾಸನ್ ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿದ್ದರು. ಸೊಂಟಕ್ಕೆ ಆಪರೇಷನ್ ಆಗಿತ್ತು. ಬಲಗೈಯ ಮೂರು ಬೆರಳಿಗೆ ಬ್ಯಾಂಡೇಜು. ಒಂದರ ತುದಿ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳಲಾಗದು ಎಂದಿದ್ದರಂತೆ. ಅವಳ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೂ ಅಷ್ಟೇನು ಸಂತೋಷಪಟ್ಟಂತೆ ಕಾಣಲಿಲ್ಲ. ಹಾಸಿಗೆಯಲ್ಲಿ ಬಿದ್ದಿರುವುದನ್ನು ಯಾರಾದರೂ ನೋಡುವುದೇ ಅವರಿಗೆ ಇಷ್ಟವಿದ್ದಂತಿರಲಿಲ್ಲ.

"ನನಗೆ ಒಂದು ಗಂಟೆಯ ಮೇಲಾಯಿತು ಅನ್ನಿಸಿತ್ತು," ಎಂದರು. "ಹತ್ತೊಂಬತ್ತು ನಿಮಿಷ ಎಂದು ಇವರು ಹೇಳಿದರು. ನಂಬಲಿಲ್ಲ. ಒಳಗೆ ಮಕ್ಕಳು ನಗುವುದು ಕೇಳಿಸುತ್ತಿತ್ತು. ಕೂಗಿದೆ. ಆ ಗಾಳಿಯಲ್ಲಿ ನನ್ನ ದನಿ ಯಾರಿಗೂ ಮುಟ್ಟಲಿಲ್ಲ."

ರುದ್ರವ್ವ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಇಂಗ್ಲಿಷ್ ಮಾತುಗಳು ಚದುರಿಹೋಗಿದ್ದವು.

"ಸರ್, ಅಲ್ಲಿ ಹೋಗಿ ನೋಡಿ ಎಂದು ನಾನು ಹೇಳಿದೆ. ಮಂಜುಗಡ್ಡೆ ಇದೆ ಎಂದು ಹೇಳಲಿಲ್ಲ. ನಿಮ್ಮ ಬೂಟು ನೋಡಿದೆ. ಅದನ್ನೂ ಹೇಳಲಿಲ್ಲ."

ಲಾಸನ್ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡರು.

"ಹೌದು, ಹೇಳಬೇಕಾಗಿತ್ತು," ಎಂದರು. "ಬೂಟಿನ ವಿಷಯ ಹೇಳಿದ್ದರೆ ನಾನು ಬಹುಶಃ ಸಿಟ್ಟಾಗುತ್ತಿದ್ದೆ. ಆದರೂ ಹೇಳಬೇಕಾಗಿತ್ತು. ಆದರೆ ಹಿಂದೆ ನೋಡಿ ಎಂದದ್ದು ಸರಿ. ಅಲ್ಲಿ ಒಂದು ಮಗು ಇದ್ದಿದ್ದರೆ?"

ಪರವಾಗಿಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದು ಅವರು ಹೇಳಿದ್ದರೆ ರುದ್ರವ್ವ ನಂಬುತ್ತಿರಲಿಲ್ಲ. ಹೇಳಬೇಕಾಗಿತ್ತು ಎಂದದ್ದನ್ನು ನಂಬಿದಳು. ಕಾರಿನಲ್ಲಿ ಬರುವಾಗ ದಾನಪ್ಪ, ಅವರು ಏನಂದರು ಎಂದು ಕೇಳಿದ. "ಖರೇ ಅಂದ್ರು," ಎಂದಳು.

ಸೋಮವಾರ ಅವಳು ಪತ್ರಕ್ಕೆ ಸಹಿ ಮಾಡಿ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು. ಮಿಸ್ ಪೆಟ್ರಾಕಿಸ್ ದಣಿದ ಮುಖದ ಹೆಂಗಸು. ಆ ಹತ್ತು ದಿನದಲ್ಲಿ ಅವರೂ ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

"ಮಿಸ್, ಒಂದು ಪ್ರಶ್ನೆ. ನಾಳೆ ಹೀಗೇ ಆದರೆ ನಾನು ಏನು ಮಾಡಬೇಕು? ಹೊರಗೆ ಒಬ್ಬರು ಬಿದ್ದಿದ್ದಾರೆ ಅಂತ ನನಗೆ ಅನ್ನಿಸುತ್ತೆ. ಒಳಗೆ ಇಪ್ಪತ್ತೆರಡು ಮಕ್ಕಳು. ಆಫೀಸಿನಲ್ಲಿ ಯಾರೂ ಬರುವುದಿಲ್ಲ. ನಾನು ಕೂತಿರಬೇಕಾ?"

ಪ್ರಿನ್ಸಿಪಾಲ್ ಸಹಿಯನ್ನು ನೋಡಿದರು. ಪತ್ರವನ್ನು ಫೈಲಿನೊಳಗೆ ಇಟ್ಟರು. ಅದನ್ನು ತೆಗೆದುಹಾಕುವ ಅಧಿಕಾರ ನನಗಿಲ್ಲ ಎಂದರು. ಇರಲಿ ಎಂದಳು ರುದ್ರವ್ವ.

"ನನಗೆ ಆ ಜಾಗ ತೋರಿಸು," ಎಂದರು ಮಿಸ್ ಪೆಟ್ರಾಕಿಸ್.

"ಈಗಲೇ? ಹೊರಗೆ ಮೈನಸ್ ಹದಿನೆಂಟು."

"ಈಗಲೇ."

ಇಬ್ಬರೂ ಕೋಟು ಹಾಕಿಕೊಂಡು ಹೋದರು. ರುದ್ರವ್ವನಿಗೆ ಹೇಳಲು ಎಂಟು ವರ್ಷದ ಮಾತಿತ್ತು. ಕೊಳವೆಯ ಬಾಯಿ ನಡೆಯುವ ದಾರಿಗೇ ತಿರುಗಿದೆ, ಅದನ್ನು ಬೇಲಿಯ ಕಡೆ ತಿರುಗಿಸಿದರೆ ಸಾಕು. ಈ ಮೂಲೆ ಯಾವ ಕಿಟಕಿಗೂ ಕಾಣುವುದಿಲ್ಲ. ಹಿಂಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ಗಾಳಿ ತಿರುಗಿದರೆ ಹೇಳಲು ದಾರಿಯಿಲ್ಲ. ಮಕ್ಕಳನ್ನು ಎಣಿಸುತ್ತೇವೆ, ದೊಡ್ಡವರನ್ನು ಯಾರೂ ಎಣಿಸುವುದಿಲ್ಲ. ಬದಲಿ ಬಂದವರಿಗೆ ಜಾರದಂತೆ ಬೂಟಿನ ಕೆಳಗೆ ಕಟ್ಟುವ ಮುಳ್ಳುಪಟ್ಟಿ ಕೊಡಬಹುದು. ಮಾತಾಡುತ್ತ ಮಾತಾಡುತ್ತ ಹೊತ್ತು ಹೋದದ್ದು ಅವಳಿಗೆ ತಿಳಿಯಲಿಲ್ಲ. ಪ್ರಿನ್ಸಿಪಾಲರ ಕೈಯಲ್ಲಿದ್ದ ಪೆನ್ನು ಚಳಿಗೆ ಬರೆಯುವುದನ್ನು ನಿಲ್ಲಿಸಿತು. ಅವರು ಅದನ್ನು ಬಾಯಿಯ ಹತ್ತಿರ ಹಿಡಿದು ಊದಿ ಮತ್ತೆ ಬರೆದರು. ಅವರ ಕಿವಿಯಂಚು ಬೆಳ್ಳಗಾಗುತ್ತಿದ್ದುದನ್ನು ರುದ್ರವ್ವ ಕಂಡಳು.

"ಸಾಕು, ಒಳಗೆ ನಡೆಯಿರಿ," ಎಂದಳು. ಈ ಸಲ ಸಂಕೋಚ ಮಾಡಲಿಲ್ಲ.

ಎಲ್ಲ ಒಂದೇ ದಿನಕ್ಕೆ ಆಗಲಿಲ್ಲ. ಕೊಳವೆಯನ್ನು ಡೆಸ್ಮಂಡ್ ಅದೇ ವಾರ ತಿರುಗಿಸಿದ. ಮಕ್ಕಳು ನುಸುಳದಂತೆ ಸಂದಿಯ ಎರಡೂ ತುದಿಗೆ ಬಲೆ ಕಟ್ಟಿದ. ಬೂಟಿನ ಮುಳ್ಳುಪಟ್ಟಿಗಳು ಫೆಬ್ರವರಿಯ ಕೊನೆಗೆ ಬಂದವು. ವಾಕಿಟಾಕಿ ಬರಲು ಮಾರ್ಚ್ ಆಯಿತು, ಅಷ್ಟರಲ್ಲಿ ಚಳಿಯೇ ಅರ್ಧ ಇಳಿದಿತ್ತು. ಬೆಲ್ ಆದ ಮೇಲೆ ಅಂಗಳ ಕಾದ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ಒಳಗೆ ಬಂದೆ ಎಂದು ವಾಕಿಟಾಕಿಯಲ್ಲಿ ಆಫೀಸಿಗೆ ತಿಳಿಸಬೇಕೆಂಬ ನಿಯಮ ಬಂತು. ಕೆಲವು ಟೀಚರ್‌ಗಳು ಇದು ಚಿಕ್ಕಮಕ್ಕಳ ಆಟ ಎಂದು ಗೊಣಗಿದರು. ಸೂಪು ಚೆಲ್ಲಿಕೊಂಡ ಹುಡುಗಿಯ ತಾಯಿ ಗೇಟಿನ ಹತ್ತಿರ ರುದ್ರವ್ವನನ್ನು ಕಂಡರೂ ಮಾತಾಡಲಿಲ್ಲ. ಲಾಸನ್ ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ಒಂದು ಬೆರಳಿನ ತುದಿ ಹೋಯಿತು, ಮಗನಿರುವ ಊರಿಗೆ ಮನೆ ಬದಲಿಸಿದರು ಎಂದು ಡೆಸ್ಮಂಡ್ ಹೇಳಿದ.

ಮಾರ್ಚಿನ ಮೂರನೇ ವಾರ ಒಂದು ದಿನ ಚಳಿ ಮತ್ತೆ ಮರಳಿ ಬಂತು. ಬೆಲ್ ಆಗಿ ಮಕ್ಕಳೆಲ್ಲ ಓಡಿದರು. ರುದ್ರವ್ವ ಕೊನೆಯವಳಾಗಿ ಬರುತ್ತಿದ್ದಾಗ ಮೊದಲನೇ ತರಗತಿಯ ಒಬ್ಬಳು ಪುಟ್ಟಿ ಮೆಟ್ಟಿಲ ಪಕ್ಕದಲ್ಲೇ ಕೂತುಬಿಟ್ಟಳು. ಬೂಟಿನೊಳಗೆ ಹಿಮ ಹೋಗಿ ಕಾಲ್ಚೀಲ ಒದ್ದೆಯಾಗಿತ್ತು. ಅವಳನ್ನು ಪಕ್ಕದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂರಿಸಿ, ಒದ್ದೆ ಕಾಲ್ಚೀಲ ಕಿತ್ತು, ಪಾದಗಳನ್ನು ಎರಡು ಅಂಗೈ ನಡುವೆ ಹಿಡಿದು ಕೂತಳು. ವಾಕಿಟಾಕಿಯ ಸದ್ದನ್ನು ಯಾವಾಗಲೋ ಇಳಿಸಿದ್ದು ಅವಳಿಗೆ ನೆನಪಿರಲಿಲ್ಲ.

ಕಾರಿಡಾರಿನ ಆ ತುದಿಯಲ್ಲಿ ಹಿಂಬಾಗಿಲು ದಢಾರನೆ ತೆರೆದ ಸದ್ದಾಯಿತು. ಡೆಸ್ಮಂಡ್ ಕೋಟಿನ ಜಿಪ್ಪು ಎಳೆದುಕೊಳ್ಳುತ್ತ ಹೊರಗೆ ನಡೆಯುತ್ತಿದ್ದ. ಅವನ ಹಿಂದೆ ಸೆಕ್ರೆಟರಿ, ಒಂದು ತೋಳು ಮಾತ್ರ ಕೋಟಿನೊಳಗೆ. ಮಿಸ್ ಪೆಟ್ರಾಕಿಸ್ ಈ ಕಡೆ ತಿರುಗಿದರು, ಬೆಂಚಿನ ಮೇಲೆ ಅವಳನ್ನು ಕಂಡು ನಿಂತರು.

"ರುದ್ರಾ, ನಿನ್ನ ಹೆಸರು ಬರಲಿಲ್ಲ," ಎಂದರು. ಓಡಿ ಬಂದು ಉಸಿರು ಹತ್ತಿತ್ತು. "ಮೂರು ಸಲ ಕರೆದೆವು."

ರುದ್ರವ್ವನಿಗೆ ನಾಚಿಕೆಯಾಯಿತು. ಏಳಲು ಹೋದಳು, ಪುಟ್ಟಿಯ ಕಾಲು ಇನ್ನೂ ತಣ್ಣಗಿತ್ತು. ಹಾಗೇ ಕೂತು ಸೊಂಟದ ವಾಕಿಟಾಕಿ ತೆಗೆದು ಬಾಯಿಗೆ ಹಿಡಿದಳು. ಪ್ರಿನ್ಸಿಪಾಲ್ ಎದುರಿಗೇ ನಿಂತಿದ್ದರೂ, ನಿಯಮದಂತೆ ಹೇಳಿದಳು.

"ರುದ್ರವ್ವ. ಒಳಗಿದ್ದೇನೆ."

ಹೊರಗೆ ಡೆಸ್ಮಂಡನ ಸೊಂಟದ ವಾಕಿಟಾಕಿಯಲ್ಲಿ ಅವಳ ದನಿಯೇ ಕೇಳಿಸಿ, ಅವಳನ್ನು ಹುಡುಕಲು ಹೊರಟಿದ್ದವನು ತಿರುಗಿ ಬಂದ.